ಒಂಬತ್ತು ದಿನ, ಐದು ನಗರ, ಹನ್ನೊಂದು ಮಂದಿ

2020ರಲ್ಲಿ ನಿಂತುಹೋಗಿದ್ದ ಭಾರತ-ಚೀನಾ ನೇರ ವಿಮಾನ ಸಂಚಾರವು 2025ರ ಅಕ್ಟೋಬರಿನಲ್ಲಿ ಪುನಃ ಆರಂಭವಾದ ಮೇಲೆ ಮಹಾನಗರಗಳ ಕನ್ನಡಿಗರ ಮನೆಗಳಲ್ಲಿ ಚೀನಾ ಪ್ರವಾಸದ ಮಾತು ಮತ್ತೆ ಕೇಳಿಬರುತ್ತಿದೆ. ಪ್ರವಾಸ ಪತ್ರಕದಲ್ಲಿ ಊರುಗಳ ಹೆಸರು ಹೆಚ್ಚಿದಷ್ಟೂ ಕೊಟ್ಟ ಹಣಕ್ಕೆ ಹೆಚ್ಚು ಪ್ರತಿಫಲ ದೊರೆತಂತೆ ಎಂಬ ಭಾವನೆ ಸಾಮಾನ್ಯವಾದುದು. ಎಪ್ಪತ್ತು ದಾಟಿದ ಹಿರಿಯರನ್ನೂ ಶಾಲೆಗೆ ಹೋಗುವ ಮಕ್ಕಳನ್ನೂ ಕೂಡಿಕೊಂಡು ಹೊರಡುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅಂಥವರು ಪತ್ರಕಕ್ಕೆ ಸಹಿ ಹಾಕುವ ಮುನ್ನ ಹಿರಿಯರ ಮೊಣಕಾಲುಗಳನ್ನೂ ಊಟದ ವೇಳೆಯನ್ನೂ ಗಮನಿಸುವುದು ಲೇಸು.

ಮುಂಬಯಿಯ ಮಾಟುಂಗಾದಿಂದ ಹೀಗೆ ಹೊರಟ ಒಂದು ಕುಟುಂಬದಲ್ಲಿ ಅಜ್ಜ, ಅಜ್ಜಿ, ಇಬ್ಬರು ಗಂಡುಮಕ್ಕಳು, ಮಗಳು, ಸೊಸೆಯಂದಿರು, ಅಳಿಯ, ಮೂವರು ಮೊಮ್ಮಕ್ಕಳು ಸೇರಿ ಹನ್ನೊಂದು ಮಂದಿಯಿದ್ದರು. ಬೀಜಿಂಗ್, ಪಿಂಗ್ಯಾವೊ, ಷಿಯಾನ್, ಲೋಯಾಂಗ್, ಶಾಂಘೈ, ಒಂಬತ್ತು ದಿನಗಳು. ಅಜ್ಜನವರು ಹಗಲು ಕಚೇರಿಯಲ್ಲಿ ಗುಮಾಸ್ತರಾಗಿ, ರಾತ್ರಿ ಕನ್ನಡ ಶಾಲೆಯಲ್ಲಿ ಇತಿಹಾಸದ ಮಾಸ್ತರರಾಗಿ ದುಡಿದವರು. ಷಿಯಾನ್ ನಗರದಲ್ಲಿರುವ ಹ್ಯುಯೆನ್ ತ್ಸಾಂಗನ ಗೋಪುರವನ್ನು ಕಾಣಬೇಕೆಂಬುದೊಂದೇ ಅವರ ಆಸೆ. ಪತ್ರಕದಲ್ಲಿ ರೇಷ್ಮೆ ಮಳಿಗೆಗೆ ಎರಡು ಗಂಟೆಯ ಅವಕಾಶವಿತ್ತು. ಗೋಪುರಕ್ಕೆ ಬಸ್ಸಿನೊಳಗಿಂದಲೇ ದರ್ಶನ!

ಬೀಜಿಂಗಿನ ಅರಮನೆ 1406ರಿಂದ 1420ರವರೆಗೆ ಯುಂಗ್‌ಲೊ ಚಕ್ರವರ್ತಿಯ ಕಾಲದಲ್ಲಿ ನಿರ್ಮಾಣವಾದುದು. ಮಿಂಗ್ ಮತ್ತು ಚಿಂಗ್ ವಂಶಗಳ 24 ಮಂದಿ ಚಕ್ರವರ್ತಿಗಳು ಇಲ್ಲಿಂದ ಆಳಿದರು. ದಕ್ಷಿಣದಿಂದ ಉತ್ತರಕ್ಕೆ ಅದರ ಉದ್ದ 961 ಮೀಟರ್ ಮಾತ್ರ. ಕಾಗದದ ಮೇಲೆ ಇದು ಅಲ್ಪವೆನಿಸುತ್ತದೆ. ಆದರೆ ಪಾಸ್‌ಪೋರ್ಟ್ ತಪಾಸಣೆಯ ಸಾಲು, ಅಂಗಳದಿಂದ ಅಂಗಳಕ್ಕೆ ಅಡ್ಡ ನಡಿಗೆ, ಏರಿಳಿಯುವ ಕಲ್ಲಿನ ಮೆಟ್ಟಿಲುಗಳು ಇವೆಲ್ಲ ಸೇರಿದರೆ ಅರ್ಧ ದಿನ ಕಳೆಯುತ್ತದೆ. ಹೊರ ಅಂಗಳಗಳಲ್ಲಿ ನೆರಳಿಗೊಂದು ಮರವೂ ಇಲ್ಲ. ಒಂದು ಗಂಟೆಗೆಂದಿದ್ದ ಊಟ ಮೂರಕ್ಕೆ ಸರಿಯಿತು. ಉತ್ತರದ ಬಾಗಿಲ ಬಳಿ ಅಜ್ಜಿಯವರು ಬೆವರತೊಡಗಿದರು, ಕೈ ನಡುಗಿತು, ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಕೊಟ್ಟರು. ಬಿಸಿಲಿನ ಆಯಾಸವೆಂದು ಗಂಡುಮಕ್ಕಳು ಬೀಸಣಿಗೆ ಹುಡುಕುತ್ತಿದ್ದಾಗ ಹಿರಿಯ ಸೊಸೆ ನೀರಿಗೆ ಗ್ಲೂಕೋಸ್ ಪುಡಿ ಬೆರೆಸಿ ಕುಡಿಸಿದಳು. ಕಾಲು ಗಂಟೆಯಲ್ಲಿ ಅಜ್ಜಿ, “ಯಾಕ್ರೋ ಎಲ್ಲರೂ ನನ್ನ ಮುಖವನ್ನೇ ನೋಡ್ತೀರಿ?” ಎಂದರು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ ಊಟ ತಡವಾಗಿ ನಡಿಗೆ ಹೆಚ್ಚಿದರೆ ರಕ್ತದ ಸಕ್ಕರೆ ಹೀಗೆ ಕುಸಿಯುತ್ತದೆ. ಮೂರು ಚಮಚ ಸಕ್ಕರೆ ಅಥವಾ ಅಷ್ಟೇ ಗ್ಲೂಕೋಸನ್ನು ನೀರಿನಲ್ಲಿ ಕೊಟ್ಟು, ಹದಿನೈದು ನಿಮಿಷ ಕಾದು, ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು, ಅನಂತರ ಊಟ. ನಮ್ಮ ಹೆಂಗಸರು ಚೀಲದಲ್ಲಿ ಇಟ್ಟುಕೊಳ್ಳುವ ಶೇಂಗಾ ಚಿಕ್ಕಿ ಈ ಹೊತ್ತಿಗೆ ಅಷ್ಟು ಉಪಯುಕ್ತವಲ್ಲ, ಏಕೆಂದರೆ ಶೇಂಗಾದ ಕೊಬ್ಬು ಸಕ್ಕರೆಯನ್ನು ನಿಧಾನಗೊಳಿಸುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಕೂಡಲೇ ವೈದ್ಯರ ನೆರವು ಬೇಕು. ಔಷಧಗಳು ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಇರಲಿ. ಚೀನಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುವುದರಿಂದ ಮಾತ್ರೆಯ ವೇಳೆಯನ್ನೂ ಹೊರಡುವ ಮುನ್ನವೇ ವೈದ್ಯರಲ್ಲಿ ಕೇಳಿಕೊಳ್ಳಬೇಕು.

ಆ ರಾತ್ರಿ ಹೋಟೆಲಿನಲ್ಲಿ ಪತ್ರಕದ ತಪಾಸಣೆ ನಡೆಯಿತು. ಲೋಯಾಂಗನ್ನು ಬಿಡುವುದೆಂದಾಯಿತು. ಈ ನಷ್ಟ ಚಿಕ್ಕದಲ್ಲ. ಲಾಂಗ್‌ಮೆನ್ ಗುಹೆಗಳು ಅಲ್ಲಿವೆ. ಭಾರತದ ಇಬ್ಬರು ಭಿಕ್ಷುಗಳಿಗಾಗಿ ಕ್ರಿ.ಶ. 68ರಲ್ಲಿ ಕಟ್ಟಿಸಿದುದೆಂದು ಪ್ರತೀತಿಯಿರುವ ಶ್ವೇತಾಶ್ವ ದೇವಾಲಯವೂ ಅಲ್ಲಿಯೇ ಇದೆ. ಮುಂಗಡ ಕೊಟ್ಟ ಹಣದಲ್ಲಿ ಒಂದಂಶ ಹಿಂತಿರುಗಲಿಲ್ಲ. ಅಳಿಯನಿಗೆ ಇದು ಸರಿಬೀಳಲಿಲ್ಲ. ಎರಡು ದಿನ ಅವನು ಹೆಚ್ಚು ಮಾತನಾಡಲಿಲ್ಲ. ಮಹಾಗೋಡೆಯನ್ನು ಮುತ್ಯಾನ್ಯೂ ಎಂಬಲ್ಲಿ ಕೇಬಲ್ ಕಾರಿನಿಂದ ಏರಿ, ಒಂದೇ ಕಾವಲು ಗೋಪುರದವರೆಗೆ ನಡೆದು ಎಲ್ಲರೂ ಹಿಂದಿರುಗಿದರು. ಮಂಡಿ ನೋವಿರುವವರಿಗೆ ಏರುವುದಕ್ಕಿಂತ ಇಳಿಯುವುದೇ ಕಷ್ಟ.

ಪಿಂಗ್ಯಾವೊ ಸಮತಟ್ಟಾದ ಸಣ್ಣ ಊರು. 1370ರಲ್ಲಿ ಕಟ್ಟಿದ ಸುಮಾರು ಆರು ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಈಗಲೂ ನಿಂತಿದೆ. 1997ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬ್ಯಾಂಕಿನ ವ್ಯವಹಾರ ಬಲ್ಲವರು ಇಲ್ಲಿ ಅವಶ್ಯವಾಗಿ ನೋಡತಕ್ಕುದು ರಿಷೆಂಗ್‌ಚಾಂಗ್ ಎಂಬ ಹಳೆಯ ಪೇಢಿ. ಬಣ್ಣದ ವ್ಯಾಪಾರಿಗಳಾಗಿದ್ದವರು ದರೋಡೆಯ ಭಯದಲ್ಲಿ ಬೆಳ್ಳಿಯನ್ನು ಊರಿಂದೂರಿಗೆ ಸಾಗಿಸುವ ಬದಲು, ಇಲ್ಲಿ ಜಮಾ ಮಾಡಿ ಬೇರೆ ಶಾಖೆಯಲ್ಲಿ ಪಡೆಯುವ ಏರ್ಪಾಡನ್ನು ಮಾಡಿ 1823ರಲ್ಲಿ ಈ ಸಂಸ್ಥೆಯನ್ನು ತೆರೆದರು. ನಮ್ಮ ಹುಂಡಿಯಂತೆಯೇ ಇದರ ನಡೆ. ಪತ್ರದ ಕಾಗದದಲ್ಲಿ ನೀರುಗುರುತು, ಶಾಖೆಗಳಿಗೆ ಮೊದಲೇ ತಿಳಿದಿರುವ ಗುಮಾಸ್ತನ ಕೈಬರಹ, ತಿಂಗಳು-ದಿನ-ಮೊತ್ತಗಳಿಗೆ ಬದಲಾಗಿ ಗುಪ್ತಾಕ್ಷರಗಳು. ಆಗಾಗ ಈ ಅಕ್ಷರಗಳನ್ನೇ ಬದಲಿಸುತ್ತಿದ್ದರು. ಚಿಂಗ್ ಸಾಮ್ರಾಜ್ಯ ಕುಸಿದಾಗ ಇಂಥ ಪೇಢಿಗಳೂ ಮುಳುಗಿದವು. ಈಗ ಅಲ್ಲಿ ವಸ್ತುಸಂಗ್ರಹಾಲಯವಿದೆ. ಹೊರಗಿನ ತಳ್ಳುಗಾಡಿಯವನೂ ಮೊಬೈಲಿನಲ್ಲಿ ಹಣ ಸ್ವೀಕರಿಸುತ್ತಾನೆ. ಆ ಏರ್ಪಾಡನ್ನು ಊರಿನಲ್ಲೇ ಮಾಡಿಕೊಂಡು ಹೋಗುವುದು ಮೇಲು.

ಆಹಾರದ ಚಿಂತೆ ಸಸ್ಯಾಹಾರಿಗಳಿಗೆ ಸಹಜ. ತರಕಾರಿಯ ಪಲ್ಯಕ್ಕೂ ಹಂದಿಯ ಕೊಬ್ಬು ಸೇರುವುದುಂಟು. ಬೌದ್ಧ ಭೋಜನಾಲಯಗಳೇ ಹೆಚ್ಚು ನಂಬಿಕೆಗೆ ಯೋಗ್ಯ. ನೀರಿನ ವಿಷಯದಲ್ಲಿ ಮಾತ್ರ ಚೀನೀಯರು ನಮ್ಮ ಅಜ್ಜಿಯಂದಿರ ಪಂಗಡದವರು: ರೈಲಿನಲ್ಲಿಯೂ ನಿಲ್ದಾಣದಲ್ಲಿಯೂ ಕಾಯಿಸಿದ ನೀರು ದೊರೆಯುತ್ತದೆ.

ಷಿಯಾನಿನಲ್ಲಿ ಮಣ್ಣಿನ ಸೈನ್ಯವನ್ನು ಎಲ್ಲರೂ ನೋಡಿದರು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಈ ಸೈನ್ಯದ ವರ್ಣನೆ ಎಲ್ಲೆಡೆ ಬಂದಿರುವುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಮರುದಿನ ಬೆಳಿಗ್ಗೆ, ಲೋಯಾಂಗಿಗೆ ರೈಲು ಹಿಡಿಯಬೇಕಾಗಿದ್ದ ಹೊತ್ತಿನಲ್ಲಿ, ಕುಟುಂಬವು ಗೋಪುರದ ಬುಡದಲ್ಲಿತ್ತು. 645ರಲ್ಲಿ ಭಾರತದಿಂದ ಹಿಂದಿರುಗಿದ ಹ್ಯುಯೆನ್ ತ್ಸಾಂಗನು ತಂದ ಗ್ರಂಥಗಳನ್ನು ರಕ್ಷಿಸಲು 652ರಲ್ಲಿ ಇದನ್ನು ಕಟ್ಟಲಾಯಿತು. ಈಗ ಏಳು ಅಂತಸ್ತು, ಸುಮಾರು 64 ಮೀಟರ್ ಎತ್ತರ. ಅಜ್ಜ ಹತ್ತಲಿಲ್ಲ. ದಕ್ಷಿಣದ ಚೌಕದಲ್ಲಿ ಆ ಯಾತ್ರಿಕನ ಪ್ರತಿಮೆಯ ಎದುರು ಕುಳಿತು, ಹರ್ಷನಿಗೆ ಮಣಿಯದ ಪುಲಕೇಶಿಯ ಪ್ರಜೆಗಳ ಸ್ವಾಭಿಮಾನವನ್ನೂ, ಯುದ್ಧಕ್ಕೆ ಮುನ್ನ ಆನೆಗಳಿಗೆ ಮದ್ಯ ಕುಡಿಸುತ್ತಿದ್ದ ರೂಢಿಯನ್ನೂ ಅವನು ಬರೆದಿಟ್ಟುದನ್ನು ಮೊಮ್ಮಕ್ಕಳಿಗೆ ಮುಂಬಯಿಯ ರಾತ್ರಿಶಾಲೆಯ ಧ್ವನಿಯಲ್ಲಿಯೇ ಹೇಳಿದರು. ಬಾದಾಮಿ ಎಲ್ಲಿದೆಯೆಂದು ಕಿರಿಯವಳು ಕೇಳಿದಳು. ಅಳಿಯನೇ ಮೊಬೈಲಿನಲ್ಲಿ ನಕ್ಷೆ ತೆಗೆದು ತೋರಿಸಿದನು.