ಕಷ್ಟಕಾಲದಲ್ಲಿ ಮನಸ್ಸಿನ ನೆಲೆ

ಕಷ್ಟ ಬಂದಾಗ ಶಾಂತರಾಗಿರಬೇಕೆಂದು ಹೇಳುವುದು ಸುಲಭ. ಕೇಳುವವರಿಗೆ ಮಾತ್ರ ಆ ಮಾತು ಎಷ್ಟೋ ಸಲ ಗಾಯದ ಮೇಲೆ ಬರೆ ಎಳೆದಂತಾಗುತ್ತದೆ. ಮನೆಯಲ್ಲಿ ಸಾವನ್ನು ಕಂಡವನಿಗೆ, ಉದ್ಯೋಗವನ್ನು ಕಳೆದುಕೊಂಡವನಿಗೆ, ರೋಗಿಯ ಮಗ್ಗುಲಲ್ಲಿ ರಾತ್ರಿಗಳನ್ನು ನೂಕುವ ತಾಯಿಗೆ ಶಾಂತಿಯೆಂದರೇನು? ದುಃಖವೇ ಇಲ್ಲದಿರುವುದು ಶಾಂತಿಯೆಂದು ತಿಳಿದರೆ ಅದು ನಮ್ಮಲ್ಲಿ ಯಾರಿಗೂ ದೊರೆಯತಕ್ಕ ವಸ್ತುವಲ್ಲ. ಆದುದರಿಂದ ಆ ಮಾತಿನ ಅರ್ಥವನ್ನೇ ಮೊದಲು ವಿಚಾರಿಸೋಣ.

ಬಳ್ಳಾರಿಗೆ ಸಮೀಪದ ಕೊಳಗಲ್ಲು ಗ್ರಾಮದಲ್ಲಿ ಕ್ರಿ. ಶ. 967ರ ಒಂದು ಶಿಲಾಶಾಸನವುಂಟು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಗತಿಸಿ ಖೊಟ್ಟಿಗನು ಪಟ್ಟಕ್ಕೆ ಬಂದ ಸಂಗತಿ ಅದರಿಂದ ತಿಳಿಯುತ್ತದೆ. ದೂರದ ಬಂಗಾಳದ ವರೇಂದ್ರಿಯಿಂದ ಬಂದ ಗದಾಧರನೆಂಬವನು ಕಾರ್ತಿಕೇಯನನ್ನು ಪ್ರತಿಷ್ಠಿಸಿದುದನ್ನೂ ಅದೇ ಶಾಸನ ಹೇಳುತ್ತದೆ. ಕಾಲವಾದರೋ ನೆಮ್ಮದಿಯದಲ್ಲ. 972ರಲ್ಲಿ ಪರಮಾರ ಸೀಯಕನು ರಾಜಧಾನಿ ಮಾನ್ಯಖೇಟವನ್ನು ಸೂರೆಗೊಂಡನು. ಮರುವರ್ಷವೇ ಆ ಸಾಮ್ರಾಜ್ಯ ಚಾಲುಕ್ಯ ತೈಲಪನ ಪಾಲಾಯಿತು. ಗದಾಧರನ ಮನಸ್ಸಿನೊಳಗನ್ನು ನಾವು ಊಹಿಸಹೋಗುವುದು ಬೇಡ. ಕಲ್ಲು ಹೇಳುವುದಿಷ್ಟು: ಅಳಿದುದನ್ನು ಮುಚ್ಚಿಡಲಿಲ್ಲ, ಅಳಿಯಿತೆಂದು ಮಾಡತಕ್ಕ ಕೆಲಸವನ್ನು ನಿಲ್ಲಿಸಲೂ ಇಲ್ಲ. ಶಾಂತಿಯ ಲಕ್ಷಣ ಇದೇ ಎಂದು ನಾವು ತಿಳಿಯುತ್ತೇವೆ.

ಭಗವದ್ಗೀತೆಯಲ್ಲಿ ಅರ್ಜುನನು ಸ್ಥಿತಪ್ರಜ್ಞನ ವಿಷಯವಾಗಿ ಕೇಳುವ ಪ್ರಶ್ನೆಯೂ ಇದಕ್ಕೆ ಹೊಂದುತ್ತದೆ. ಅಂಥವನು ಹೇಗೆ ಮಾತನಾಡುತ್ತಾನೆ, ಹೇಗೆ ಕುಳಿತುಕೊಳ್ಳುತ್ತಾನೆ, ಹೇಗೆ ನಡೆಯುತ್ತಾನೆ ಎಂದು ಅವನು ಕೇಳುತ್ತಾನೆ. ಪ್ರಶ್ನೆ ಹುಟ್ಟಿದ್ದು ರಣಭೂಮಿಯಲ್ಲಿ. ಕೇಳಿದ್ದು ದಿನದ ನಡೆನುಡಿಯನ್ನು.

ಆದರೆ ಈ ನಡೆನುಡಿ ಕಷ್ಟ ಬಂದ ದಿನವೇ ಎಲ್ಲಿಂದಲೋ ಒದಗಿ ಬರುವುದಿಲ್ಲ. ಬಳ್ಳಾರಿ ಸೀಮೆಯ ಎರೆಹೊಲಗಳನ್ನು ನೋಡಿರಿ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 20 ಅಂಗುಲ ಮಾತ್ರ. ಕಾಲುವೆಯ ನೀರು ಸೇರದ ಕಡೆ ರೈತನು ಮುಂಗಾರಿನಲ್ಲಿ ಹೊಲವನ್ನು ಬಿತ್ತದೆ ಬಿಟ್ಟು, ಕುಂಟೆ ಹೊಡೆದು, ಬಿದ್ದ ನೀರು ಇಂಗುವಂತೆ ಮಾಡುವುದುಂಟು. ಹಿಂಗಾರಿನಲ್ಲಿ ಬಿಳಿಜೋಳವನ್ನು ಬಿತ್ತುತ್ತಾನೆ. ಮಳೆ ನಿಂತ ಮೇಲೆಯೂ ಪೈರು ನೆಲದೊಳಗಣ ತೇವವನ್ನುಂಡು ಬೆಳೆಯುತ್ತದೆ. ಪ್ರಾರ್ಥನೆ, ಧ್ಯಾನ, ಸದ್ಗ್ರಂಥಪಠನ, ಸಜ್ಜನರ ಸಹವಾಸ ಇವೆಲ್ಲ ಹೀಗೆಯೇ. ನೆಮ್ಮದಿಯ ದಿನಗಳಲ್ಲಿ ಪ್ರತಿನಿತ್ಯ ಕಾಲುಗಂಟೆಯಾದರೂ ಇವುಗಳಿಗೆ ಮೀಸಲಿಟ್ಟವನ ಮನಸ್ಸಿನಲ್ಲಿ ಅಷ್ಟು ತೇವ ಉಳಿದಿರುತ್ತದೆ. ಮೊದಲು ಉಳಿಸಿಕೊಳ್ಳದವನೂ ಎದೆಗೆಡಬೇಕಾಗಿಲ್ಲ. ಹೊತ್ತಿಗೆ ಏಳುವುದು, ಸ್ನಾನಮಾಡುವುದು, ದೇವರ ಮುಂದೆ ದೀಪ ಹಚ್ಚುವುದು, ಇಂದಿನ ಒಂದು ಕೆಲಸವನ್ನು ಇಂದೇ ಮುಗಿಸುವುದು ಎಂಬ ಸಣ್ಣ ನಿಯಮಗಳನ್ನು ಹಿಡಿದುಕೊಂಡರೂ ಮನಸ್ಸಿಗೆ ಊರಲು ಒಂದಿಷ್ಟು ನೆಲ ಸಿಕ್ಕೀತು. ಅಳು ಬಂದರೆ ಅಳಬಹುದು. ಅದರಿಂದ ವ್ರತಭಂಗವೇನೂ ಆಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ, ಆಗಿನ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಬಹಳ ನೊಂದಿತು. ಮಳೆ ಮೇಲಿಂದ ಮೇಲೆ ತಪ್ಪಿದಾಗ ಎರೆನೆಲದ ತೇವವೂ ಆರಿಹೋಗುತ್ತದೆ. ಮನುಷ್ಯನ ಮನಸ್ಸೂ ಹಾಗೆಯೇ. ಅದರ ಶಕ್ತಿಗೆ ಮಿತಿಯುಂಟು. ಹಸಿದವನಿಗೆ ಶಾಂತಿಯನ್ನು ಬೋಧಿಸುವುದು ಧರ್ಮವಲ್ಲ. ಅವನಿಗೆ ಮೊದಲು ಬೇಕಾದುದು ಅಂಬಲಿ. ನಿದ್ರೆಯನ್ನೂ ಜೀವನದ ಆಸೆಯನ್ನೂ ಕಳೆದುಕೊಂಡವನು ಬಂಧುವಿನ, ಸ್ನೇಹಿತನ ಅಥವಾ ವೈದ್ಯನ ನೆರವನ್ನು ಕೇಳುವುದು ಶ್ರದ್ಧೆಯ ಕೊರತೆಯಲ್ಲ. ಬರಗಾಲದಲ್ಲಿ ನೆರೆಮನೆಯ ಬಾಗಿಲು ತಟ್ಟಿದಷ್ಟೇ ಸಹಜವಾದದ್ದು.

ಹಾಗಾದರೆ ನಮ್ಮ ಶಾಂತಿಯ ಪ್ರಯೋಜನವೇನು? ನಮ್ಮಲ್ಲಿ ಉಳಿದ ತೇವದಲ್ಲಿ ಪಕ್ಕದವನಿಗೂ ಪಾಲು ಕೊಡುವುದು. ದುಃಖಿತರ ಮನೆಗೆ ಹೋದಾಗ ದೊಡ್ಡ ವೇದಾಂತವನ್ನು ಹೇಳದೆ, ಸ್ವಲ್ಪ ಹೊತ್ತು ಜೊತೆಯಲ್ಲಿ ಸುಮ್ಮನೆ ಕುಳಿತು, ಒಲೆ ಹಚ್ಚಿ, ಮಕ್ಕಳಿಗೆ ಉಣಬಡಿಸಿ ಬಂದರೆ ಅದೇ ಉಪಾಸನೆ. ನಾಳೆ ನಮ್ಮ ಮನೆಗೆ ಕಷ್ಟ ಬಂದಾಗ ನಾವು ಬಯಸುವುದೂ ಅಷ್ಟನ್ನೇ ಅಲ್ಲವೆ?