ಕರು ಹಾಕಿದ ವಾರವೇ ಬಿದ್ದ ಪೆಟ್ಟು

ಕರು ಹಾಕಿ ಎರಡು ತಿಂಗಳು. ಹಾಲು ಚೆನ್ನಾಗಿ ಏರಿರುವ ಹೊತ್ತಿಗೆ ಹಸು ಹಿಂಗಾಲು ಎಳೆಯತೊಡಗುತ್ತದೆ. ಕಲ್ಲು ಚುಚ್ಚಿತೋ, ನಿನ್ನೆ ಜಾರಿತೋ ಎಂದು ಮನೆಯವರು ಗೊರಸು ಎತ್ತಿ ನೋಡುತ್ತಾರೆ. ಎಷ್ಟೋ ಸಲ ಆ ಪೆಟ್ಟು ನಿನ್ನೆಯದಲ್ಲ. ಕರು ಹಾಕಿದ ವಾರದ್ದು.

ಪುಣೆ ಬಳಿಯ ಉರುಳಿ ಕಾಂಚನದಲ್ಲಿ ಮಣಿಭಾಯಿ ದೇಸಾಯಿ 1967ರಲ್ಲಿ ಕಟ್ಟಿದ ಬೈಫ್ ಸಂಸ್ಥೆ, ನಾಟಿ ಹಸುಗಳಿಗೆ ಹೋಲ್‌ಸ್ಟೀನ್, ಜರ್ಸಿ ತಳಿ ಬೆರೆಸುವ ಕೆಲಸವನ್ನು ರೈತರ ಮನೆಬಾಗಿಲಿಗೆ ಒಯ್ದಿತು. ನಮ್ಮ ತಿಪಟೂರಿನ ಕಡೆಗೂ ಅದು ಬಂತು. ಹಾಲು ಹೆಚ್ಚಿತು. ಆದರೆ ಹಾಲು ಹೆಚ್ಚು ಕೊಡುವ, ಮೈ ಭಾರದ ಹಸುವನ್ನು ಸಿಮೆಂಟ್ ನೆಲದ ಮೇಲೆ ಕಟ್ಟಿಹಾಕಿದರೆ ಮೊದಲು ಸೋಲುವುದು ಗೊರಸು.

ಗೊರಸಿನೊಳಗೊಂದು ಮೂಳೆಯಿದೆ. ಗಟ್ಟಿ ನಾರುಗಳು ಅದನ್ನು ಗೊರಸಿನ ಗೋಡೆಗೆ ತೂಗುಹಾಕಿವೆ. ಅಡಿಯಲ್ಲಿ ಕೊಬ್ಬಿನ ಮೆತ್ತೆ. ಕರು ಹೊರಬರಲು ಸೊಂಟದ ಕಟ್ಟು ಸಡಿಲಾಗುವ ದಿನಗಳಲ್ಲೇ ಈ ನಾರುಗಳೂ ಸಡಿಲುತ್ತವೆ. ಮೂಳೆ ತುಸು ಇಳಿದು, ಗೊರಸನ್ನು ಬೆಳೆಸುವ ಜೀವಂತ ಪದರವನ್ನು ಅದುಮುತ್ತದೆ. ಹಾಲಿಗಾಗಿ ಮೈ ಕರಗಿಸುವ ಹಸುವಿನಲ್ಲಿ ಆ ಮೆತ್ತೆಯೂ ತೆಳುವಾಗುತ್ತದೆ. ಜಜ್ಜಿದ ಪದರದಿಂದ ರಕ್ತ ಬೆರೆತ, ಬಲವಿಲ್ಲದ ಗೊರಸು ಹುಟ್ಟುತ್ತದೆ. ಗೊರಸು ಬೆಳೆಯುವುದು ತಿಂಗಳಿಗೆ ಸುಮಾರು 5 ಮಿಲಿಮೀಟರ್. ಹೀಗಾಗಿ ಒಳಗಿನ ಕಲೆ ಅಂಗಾಲಿಗೆ ಬಂದು ಹುಣ್ಣಾಗಲು ಎರಡು ಮೂರು ತಿಂಗಳು ಬೇಕು. ಹಿಂಗಾಲಿನ ಹೊರಗೊರಸಿಗೇ ಇದು ಹೆಚ್ಚು. ಭಾರ ಹೆಚ್ಚು ಬೀಳುವುದು ಅಲ್ಲಿಗೆ.

ಹಾಲು ಏರಲೆಂದು ಒಮ್ಮೆಲೇ ಹಿಂಡಿ, ನುಚ್ಚು ಸುರಿದರೆ ಹೊಟ್ಟೆ ಹುಳಿಯಾಗುತ್ತದೆ. ಮೊದಲು ಹಸು ಕುಂಟುವುದಕ್ಕೆ ಇದನ್ನೇ ಮುಖ್ಯ ಕಾರಣವೆಂದು ನಂಬಿದ್ದರು. ಈಗ ಭಾರಕ್ಕೂ ನೆಲಕ್ಕೂ ಹೆಚ್ಚು ತೂಕ ಕೊಡುತ್ತಾರೆ. ಮಳೆಗಾಲದ ಸಗಣಿ ಕೆಸರು ಗೊರಸನ್ನು ಮೆದುಗೊಳಿಸಿ ಸೋಂಕಿಗೆ ದಾರಿ ಮಾಡುತ್ತದೆ.

ಕರು ಹಾಕಿದ ಒಂದೆರಡು ದಿನಗಳಲ್ಲೇ ಹಸು ಏಳಲಾರದೆ ಮಲಗಿದರೆ ಮಾತು ಬೇರೆ. ಅದು ಕ್ಯಾಲ್ಸಿಯಂ ಕುಸಿದ ಹಾಲುಜ್ವರವಿರಬಹುದು, ಕಷ್ಟದ ಹೆರಿಗೆಯಲ್ಲಿ ನರ ಒತ್ತಿಕೊಂಡಿರಬಹುದು. ತಡಮಾಡದೆ ದನದ ಡಾಕ್ಟರನ್ನು ಕರೆಸಬೇಕು.

ಪುಣೆ ಸೀಮೆಯ ಎಷ್ಟೋ ರೈತರು ಹಗ್ಗ ಬಿಚ್ಚಿ, ಬೇಲಿಯೊಳಗಿನ ಮಣ್ಣಿನ ಅಂಗಳದಲ್ಲಿ ದನ ಬಿಡುವ ‘ಮುಕ್ತ ಗೋಠಾ’ಗೆ ಬದಲಾಗಿದ್ದಾರೆ. ಅಷ್ಟು ಜಾಗವಿಲ್ಲದವರೂ ಹೆರಿಗೆಯ ಹಿಂದುಮುಂದಿನ ಮೂರು ವಾರ ಹಸುವಿಗೆ ಮೆತ್ತನೆಯ ಒಣ ನೆಲ ಕೊಡಬಹುದು, ಹಿಂಡಿಯನ್ನು ದಿನಕ್ಕಿಷ್ಟೆಂದು ಏರಿಸಬಹುದು, ಹಾಲು ಬತ್ತಿಸುವಾಗ ಬಲ್ಲವರಿಂದ ಗೊರಸು ಕೆತ್ತಿಸಬಹುದು.

ಗಿಣ್ಣು ಕಾಯಿಸಿ ನೆರೆಮನೆಗೆ ಹಂಚುವ ಆ ವಾರ, ಕೊಟ್ಟಿಗೆಗೆ ಒಂದು ಹೊರೆ ಒಣಹುಲ್ಲು ಹೆಚ್ಚು ಹಾಸಿ. ಹಸು ಮಲಗಿ ಮೆಲುಕು ಹಾಕಿದಷ್ಟೂ ಹೊತ್ತು ಅದರ ಗೊರಸಿಗೆ ಬಿಡುವು.