ರೈಫಲ್ ಆಸರೆ

ರೈಫಲ್ ಆಸರೆಯು ಗುರಿ ಶೂಟಿಂಗ್‌ನಲ್ಲಿ ಬಂದೂಕಿನ ಭಾರವನ್ನು ಹೊತ್ತು, ಅದು ಅಲುಗಾಡದಂತೆ ಹಿಡಿದಿಡುವ ಸಾಧನವಾಗಿದೆ. ಮರಳಿನ ಚೀಲ, ಬೈಪಾಡ್, ಮೇಜಿನ ಮೇಲಿಡುವ ಲೋಹದ ತ್ರಿಪಾದಿ ಹಾಗೂ ಸ್ಪ್ರಿಂಗ್ ಸ್ಟ್ಯಾಂಡ್ ಇದರ ಮುಖ್ಯ ಬಗೆಗಳು. ಸ್ಕೋಪ್ ಹೊಂದಿಸುವುದಕ್ಕೂ ಗುಂಡುಗಳನ್ನು ಪರೀಕ್ಷಿಸುವುದಕ್ಕೂ ಇದು ಹೆಚ್ಚಾಗಿ ಬಳಕೆಯಾಗುತ್ತದೆ.

ಸ್ಥಿರತೆಯ ಅಗತ್ಯ

ಮುಂದಿನ ಮತ್ತು ಹಿಂದಿನ ಆಸರೆಗಳ ನಡುವೆ 70 ಸೆಂ.ಮೀ. ಅಂತರವಿದ್ದು, ಹಿಂದಿನದು ಕೇವಲ 0.1 ಮಿ.ಮೀ. ಸರಿದರೆ, 50 ಮೀಟರ್ ದೂರದಲ್ಲಿ ಗುಂಡು ಸುಮಾರು 7 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಆ ದೂರದ ಅಂತರರಾಷ್ಟ್ರೀಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ 10.4 ಮಿ.ಮೀ. ಆಸರೆಯ ಈ ದೋಷವನ್ನು ಸ್ಕೋಪಿನದೆಂದು ಭಾವಿಸಿ ಅದನ್ನು ತಿರುಗಿಸುತ್ತ ಹೋದರೆ ಗುಂಡುಗಳೂ ಹೊತ್ತೂ ವ್ಯರ್ಥವಾಗುತ್ತವೆ.

ಆಯ್ಕೆ

ಆಸರೆಯು ಬಂದೂಕಿನ ಮುಂಗಟ್ಟಿಗೆ ತಾಗಬೇಕೇ ಹೊರತು ನಳಿಕೆಗೆ ತಾಗಬಾರದು. ಗುಂಡು ಹಾರುವಾಗ ನಳಿಕೆಯು ಕಂಪಿಸುವುದರಿಂದ, ಅದಕ್ಕೆ ತಾಗಿದ ವಸ್ತುವು ಗುಂಡಿನ ದಿಕ್ಕನ್ನೇ ಬದಲಿಸುತ್ತದೆ. ಪ್ರತಿ ಸಲವೂ ಒಂದೇ ಜಾಗದಲ್ಲಿ ಆಸರೆ ಕೊಡುವುದು ಬೆಲೆಬಾಳುವ ಸಾಧನಕ್ಕಿಂತ ಮುಖ್ಯ. ಹಿಂದಿನ ಚೀಲವನ್ನು ಕಡೆಗಣಿಸುವವರೇ ಹೆಚ್ಚು. ವಾಸ್ತವವಾಗಿ ಎತ್ತರದ ಸೂಕ್ಷ್ಮ ಹೊಂದಾಣಿಕೆಯು ಅದನ್ನು ಹಿಚುಕುವುದರಿಂದಲೇ ಆಗುತ್ತದೆ.

ಸ್ಪ್ರಿಂಗ್ ಏರ್ ರೈಫಲ್‌ಗೆ ಈ ಮಾತು ಪೂರ್ತಿ ಅನ್ವಯಿಸದು. ಅದರ ಪಿಸ್ಟನ್ ಹಿಂದಕ್ಕೂ ಮುಂದಕ್ಕೂ ಧಕ್ಕೆ ಕೊಡುವುದರಿಂದ ಗಟ್ಟಿ ಆಸರೆಯ ಮೇಲೆ ಬಂದೂಕು ಪುಟಿಯುತ್ತದೆ. ಚೀಲದ ಮೇಲೆ ಅಂಗೈಯಿಟ್ಟು, ಅದರ ಮೇಲೆ ಬಂದೂಕನ್ನು ಸಡಿಲವಾಗಿ ಇರಿಸುವುದು ರೂಢಿ.

ನೆಲ ಮತ್ತು ಚೀಲದ ತುಂಬು

ಆಸರೆ ಎಷ್ಟೇ ಉತ್ತಮವಾಗಿದ್ದರೂ ಅದರ ಕೆಳಗಿನ ನೆಲ ಕದಲಬಾರದು. ಬಳ್ಳಾರಿ ಜಿಲ್ಲೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಸಿರುಗುಪ್ಪದ ಕಡೆಯ ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅಲ್ಲಿ ನೇರವಾಗಿ ಊರಿದ ಮೇಜಿನ ಕಾಲುಗಳು ಒಂದೊಂದು ಮಟ್ಟದಲ್ಲಿ ನಿಲ್ಲುತ್ತವೆ. ಕಾಂಕ್ರೀಟಿನ ಹಾಸು ಅಥವಾ ಅಗಲವಾದ ಕಲ್ಲುಚಪ್ಪಡಿ ಬೇಕಾಗುತ್ತದೆ. ಕುರುಗೋಡಿನ ಗುಡ್ಡಗಳ ಗ್ರಾನೈಟ್ ನೆಲವು ಕದಲದಿದ್ದರೂ, ಬಂಡೆಗೆ ಬಡಿದ ಗುಂಡು ದಿಕ್ಕು ತಪ್ಪಿ ಚಿಮ್ಮುವ ಅಪಾಯವಿರುವುದರಿಂದ ಬಯಲಿನ ಬಂಡೆಯನ್ನು ಶೂಟಿಂಗ್ ತಾಣವಾಗಿಸಲಾಗದು; ಮಣ್ಣಿನ ದಿಬ್ಬದ ಹಿನ್ನೆಲೆಯುಳ್ಳ ಅಧಿಕೃತ ರೇಂಜ್ ಅನಿವಾರ್ಯ.

ಚೀಲಕ್ಕೆ ಜರಡಿ ಹಿಡಿದು ಒಣಗಿಸಿದ ಮರಳು ಉತ್ತಮ. ತೇವವಿದ್ದರೆ ಅದು ಗಂಟುಕಟ್ಟುತ್ತದೆ. ಭತ್ತದ ಸೀಮೆಯಲ್ಲಿ ಹೊಟ್ಟು ಧಾರಾಳವಾಗಿ ಸಿಕ್ಕರೂ ಅದು ಹಗುರ, ಒತ್ತಿದಷ್ಟೂ ಕುಗ್ಗುತ್ತದೆ.

ಸ್ಪರ್ಧಾ ನಿಯಮಗಳು

ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ 10 ಮೀಟರ್ ಮತ್ತು 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ಬಂದೂಕಿಗೆ ಆಸರೆ ನಿಷಿದ್ಧ. 50 ಮೀಟರ್ ಸ್ಪರ್ಧೆಯ ಮಲಗುವ ಹಾಗೂ ಮಂಡಿಯೂರುವ ಭಂಗಿಗಳಲ್ಲಿ ತೋಳಿನ ಪಟ್ಟಿಗೆ ಮಾತ್ರ ಅವಕಾಶವಿದೆ. ಆಸರೆಯೊಂದರಲ್ಲೇ ಅಭ್ಯಾಸ ಮಾಡಿದವರಿಗೆ ಇಲ್ಲಿ ತೊಡಕಾಗುತ್ತದೆ. ಬೆಂಚ್‌ರೆಸ್ಟ್ ಮತ್ತು ಎಫ್-ಕ್ಲಾಸ್ ಸ್ಪರ್ಧೆಗಳು ಆಸರೆಯನ್ನೇ ಆಧರಿಸಿವೆ.

ಪ್ಯಾರಾ ಶೂಟಿಂಗ್‌ನ ಎಸ್‌ಎಚ್2 ವಿಭಾಗದಲ್ಲಿ, ಬಂದೂಕಿನ ಭಾರವನ್ನು ತೋಳುಗಳಿಂದ ಹೊರಲಾಗದ ಕ್ರೀಡಾಪಟುಗಳು ಸ್ಪ್ರಿಂಗ್ ಸ್ಟ್ಯಾಂಡ್ ಬಳಸುತ್ತಾರೆ. ಸ್ಪ್ರಿಂಗ್ ಬಾಗುವುದರಿಂದ ಬಂದೂಕು ಬಿಗಿಯಾಗಿ ನಿಲ್ಲುವುದಿಲ್ಲ. ಗುರಿ ಹಿಡಿಯುವ ಕೆಲಸ ಕ್ರೀಡಾಪಟುವಿನದೇ. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಈ ವಿಭಾಗದಲ್ಲಿ 2022ರಲ್ಲಿ ಫ್ರಾನ್ಸ್‌ನ ಶಾಟೊರೂ ವಿಶ್ವಕಪ್‌ನಲ್ಲಿ ಚಿನ್ನ ಗೆದ್ದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದರು.